ಕಿಟೆಲ್: ವಿಧೇಯತೆಯ ದಾರಿಯಲ್ಲಿ ಹುಟ್ಟಿದ ನಿಘಂಟು

ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ಕುರಿತು ಬರೆಯುವವರಾರೂ ಫರ್ಡಿನಾಂಡ್ ಕಿಟೆಲ್ ಅವರ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಆದರೆ ಅವರನ್ನು ನಿಘಂಟುಕಾರರೆಂದು ಕೊಂಡಾಡುವ ಭರದಲ್ಲಿ, ಅವರು ಮೂಲತಃ ಕ್ರೈಸ್ತ ಮಿಷನರಿಯಾಗಿದ್ದರು, ದೇವರು ಕರೆದ ಕಡೆಗೆ ಹೋಗಬೇಕೆಂಬ ನಂಬಿಕೆಯಿಂದಲೇ ಹಡಗು ಹತ್ತಿದ್ದರು ಎಂಬ ಸಂಗತಿ ಬದಿಗೆ ಸರಿದುಬಿಡುತ್ತದೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಂತೂ ಕಿಟೆಲ್ ಎಂದರೆ ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ ಒಂದು ಅಂಕ ತಂದುಕೊಡುವ ಉತ್ತರ ಮಾತ್ರ. ನಿಘಂಟನ್ನು ನೆನೆದು ಅದನ್ನು ಬರೆಯಿಸಿದ ನಂಬಿಕೆಯನ್ನು ಮರೆತರೆ ಮನುಷ್ಯನ ಅರ್ಧಭಾಗವಷ್ಟೇ ಮಕ್ಕಳಿಗೆ ದೊರೆತಂತಾಗುತ್ತದೆ.

ಕಿಟೆಲ್ 1832ರಲ್ಲಿ, ಇಂದಿನ ಜರ್ಮನಿಯ ಉತ್ತರದ ಕಡಲಂಚಿನಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡಿನ ಒಂದು ಸಣ್ಣ ಊರಿನಲ್ಲಿ, ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಹದಿನೆಂಟನೆಯ ವಯಸ್ಸಿಗೆ ಅವರು ಸೇರಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಯನ್ನು. ಮಿಷನ್ ಎಂದರೆ ಕಳುಹಿಸಿಕೊಡುವುದು ಎಂದರ್ಥ. ಏಸುವಿನ ಸುವಾರ್ತೆಯನ್ನು, ಎಂದರೆ ಶುಭಸಂದೇಶವನ್ನು, ದೂರದೇಶಗಳಿಗೆ ಮುಟ್ಟಿಸಲು ಜನರನ್ನು ಸಿದ್ಧಗೊಳಿಸಿ ಕಳುಹಿಸುವ ಸಂಸ್ಥೆಗೂ ಅದೇ ಹೆಸರು. 1815ರಲ್ಲಿ ಆರಂಭವಾದ ಈ ಬಾಸೆಲ್ ಮಿಷನ್ನಿನ ಬೇರು ಪಯಟಿಸಂ ಎಂಬ ಭಕ್ತಿಪಂಥದಲ್ಲಿದೆ. ಬಾಯಲ್ಲಿ ಒಪ್ಪಿಕೊಂಡ ಸಿದ್ಧಾಂತ ಸಾಲದು, ಪ್ರತಿದಿನದ ನಡತೆಯಲ್ಲಿ, ದುಡಿಮೆಯಲ್ಲಿ, ಮಿತವ್ಯಯದಲ್ಲಿ ನಂಬಿಕೆ ಕಾಣಿಸಿಕೊಳ್ಳಬೇಕು ಎನ್ನುವುದು ಆ ಪಂಥದವರ ನಿಲುವು. ಕಾಯಕವನ್ನೂ ನಡೆ–ನುಡಿಯ ಹೊಂದಾಣಿಕೆಯನ್ನೂ ಶರಣರಿಂದ ಕೇಳಿಬಲ್ಲ ಕನ್ನಡಿಗರಿಗೆ ಈ ಮಾತು ಪೂರ್ತಿ ಅಪರಿಚಿತವೆನಿಸಲಾರದು, ಎರಡರ ನಡುವೆ ತತ್ತ್ವದ ಅಂತರ ಎಷ್ಟೇ ಇದ್ದರೂ.

ಅಲ್ಲಿ ತರಬೇತಿ ಪಡೆದವರು ಮೊದಲು ಕಲಿಯಬೇಕಾಗಿದ್ದದ್ದು ವಿಧೇಯತೆಯನ್ನು. ಯಾವ ದೇಶಕ್ಕೆ ಹೋಗಬೇಕು, ಯಾವ ಊರಿನಲ್ಲಿ ನೆಲೆಸಬೇಕು ಎಂಬುದನ್ನು ಬಾಸೆಲಿನ ಸಮಿತಿ ನಿರ್ಧರಿಸುತ್ತಿತ್ತು. ಮದುವೆಗೂ ಅದರ ಅನುಮತಿ ಬೇಕಾಗಿದ್ದು, ಎಷ್ಟೋ ಸಲ ವಧುವನ್ನು ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸಿಕೊಡುತ್ತಿದ್ದದ್ದೂ ಉಂಟು. ಇಂದಿನ ಮಕ್ಕಳಿಗೆ ಇದು ಸೆರೆವಾಸದಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಸಮಿತಿಯ ಆಜ್ಞೆಯ ಹಿಂದೆ ದೇವರ ಚಿತ್ತವಿದೆ, ಆತನೇ ನಡೆಸುವನು ಎಂದು ನಂಬಿದವರಿಗೆ ಅದು ಹೊರೆಯನ್ನು ಇಳಿಸಿಕೊಳ್ಳುವ ಒಂದು ಬಗೆಯೂ ಆಗಿತ್ತು.

ಈ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರನ್ನು ತಲುಪಿದರು. ಎರಡು ವರ್ಷಗಳ ಬಳಿಕ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ ಒಂದರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಅದರ ನೆನಪಿಗಾಗಿ ಆ ದಿನವನ್ನು ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ. ಅದೇ ಮೋಗ್ಲಿಂಗ್ ಓಲೆಗರಿಗಳಲ್ಲಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ, ಎಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಅದರಿಂದ ಪ್ರತಿ ತೆಗೆಯುವ ವಿಧಾನದಲ್ಲಿ, ಅಚ್ಚುಮಾಡಿಸಿದರು. ಕ್ರೈಸ್ತ ಪ್ರಚಾರಕರೊಬ್ಬರು ದಾಸರ ಪದಗಳನ್ನು ಪುಸ್ತಕರೂಪಕ್ಕೆ ತಂದದ್ದು ವಿಚಿತ್ರವೆನಿಸಬಹುದಾದರೂ, ಜನರ ಮನಸ್ಸನ್ನು ಬಲ್ಲದೆ ಅವರ ಮುಂದೆ ನಿಂತು ಮಾತಾಡುವುದು ವ್ಯರ್ಥವೆಂಬ ಅರಿವು ಆ ಕೆಲಸದ ಹಿಂದಿತ್ತು.

ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಧಾರವಾಡದ ಸೀಮೆಯಲ್ಲಿ ಕನ್ನಡ ಕಲಿಯತೊಡಗಿದ ಅವರು ಕಲಿಕೆಯನ್ನು ಮೇಲಧಿಕಾರಿಗಳು ನಿರೀಕ್ಷಿಸಿದ ಮಟ್ಟಕ್ಕೆ ನಿಲ್ಲಿಸಲಿಲ್ಲ; ಉಪದೇಶ ಹೇಳಲು ಬೇಕಾದಷ್ಟು ಮಾತು ಬಂದ ಮೇಲೂ ಸಂತೆಯ ನುಡಿಯಿಂದ ಹಳಗನ್ನಡದ ಕಾವ್ಯದವರೆಗೆ ಅವರ ಆಸಕ್ತಿ ಹರಡುತ್ತಲೇ ಹೋಯಿತು. ಬಾಸೆಲಿನಲ್ಲಿ ಇದು ಅಸಮಾಧಾನವನ್ನು ಹುಟ್ಟಿಸಿತು. ಅಂದು ಮಿಷನ್ನಿನ ಮುಖ್ಯಸ್ಥರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ ಶಿಸ್ತಿನ ಮನುಷ್ಯರು. ಭಾಷಾವ್ಯಾಸಂಗ ಪ್ರಚಾರಕಾರ್ಯಕ್ಕೆ ಸಾಧನವಾಗಬೇಕೇ ಹೊರತು ಅದನ್ನು ನುಂಗಬಾರದು ಎನ್ನುವುದು ಅಲ್ಲಿನವರ ವಾದವಾಗಿತ್ತು. ಕಿಟೆಲ್ ಅವರ ಬೋಧನೆ ಕೇಳಿ ಸಭೆಗೆ, ಎಂದರೆ ಕ್ರೈಸ್ತ ಸಮುದಾಯಕ್ಕೆ, ಸೇರಿದವರು ಹೆಚ್ಚಿರಲಿಲ್ಲವೆಂಬುದೂ ಆ ವಾದಕ್ಕೆ ಬಲ ಕೊಟ್ಟಿತು.

ಇಲ್ಲಿ ವಿಧೇಯತೆಯ ಪ್ರಶ್ನೆ ಜಟಿಲವಾಗುತ್ತದೆ. ಜನರ ಭಾಷೆಯನ್ನು ಕಲಿಯಿರಿ ಎಂದು ಆಜ್ಞೆ ಕೊಟ್ಟವರು ಸಮಿತಿಯವರೇ. ಆ ಆಜ್ಞೆಯನ್ನು ಕೊಟ್ಟವರು ಎಣಿಸಿರದ ದೂರದವರೆಗೆ ಪಾಲಿಸಿದವರು ಕಿಟೆಲ್. ಪಾಪ, ಕೃಪೆ, ರಕ್ಷಣೆ, ಆತ್ಮ ಎಂಬ ಯಾವ ಪದವನ್ನು ಕೈಗೆತ್ತಿಕೊಂಡರೂ ಅದರೊಳಗೆ ಜೈನರ, ವೀರಶೈವರ, ದಾಸರ ಶತಮಾನಗಳ ಬಳಕೆಯ ತೂಕವಿರುವಾಗ, ಆ ತೂಕವನ್ನು ಅರಿಯದೆ ಬೈಬಲಿನ ಮಾತನ್ನು ಕನ್ನಡದಲ್ಲಿ ಹೇಳಲು ಹೊರಟವರು ತಮಗೇ ತಿಳಿಯದ ಬೇರೊಂದು ಮಾತನ್ನು ಹೇಳಿಬಿಡುವ ಅಪಾಯವಿತ್ತು. 1862ರಲ್ಲಿ ಅವರು ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೇ ಒಪ್ಪಿಸಿ ‘ಕಥಾಮಾಲೆ’ಯನ್ನು ರಚಿಸಿದ್ದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಮುಂದೆ ಕೇಶಿರಾಜನ ವ್ಯಾಕರಣಗ್ರಂಥ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಅವರು ಸಂಪಾದಿಸಿ ಪ್ರಕಟಿಸಿದರು.

ಆದರೆ ಕಿಟೆಲ್ ಎಂದೊಡನೆ ನೆನಪಾಗುವುದು ನಿಘಂಟು, ಅದರ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ಕೋಶ ಕಿಟೆಲ್ ಹುಟ್ಟಿದ 1832ರಲ್ಲಿಯೇ ಹೊರಬಂದಿತ್ತು. ಕಿಟೆಲ್ ಅವರ ಕೋಶ ಬೇರೆಯೇ ಜಾತಿಯದು. ಸುಮಾರು 70,000 ಪದಗಳು, ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳು. ಪದದ ಎದುರಿಗೆ ಅರ್ಥ ಬರೆದು ಸುಮ್ಮನಾಗದೆ, ಅದು ಯಾವ ಗ್ರಂಥದಲ್ಲಿದೆ, ಯಾವ ಗಾದೆಯಲ್ಲಿದೆ, ಆಡುಮಾತಿನದೋ ಸಂಸ್ಕೃತದಿಂದ ಬಂದದ್ದೋ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಬಂಧುಗಳು ಯಾರು ಎಂಬುದನ್ನು ಅಲ್ಲಿ ಸೂಚಿಸಲಾಗಿದೆ. ಮಳೆ ಎಂಬ ಪದವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳಗನ್ನಡದಲ್ಲಿ ಇದು ‘ಮೞೆ’. ನಡುವಿನ ಅಕ್ಷರ ಇಂದಿನ ವರ್ಣಮಾಲೆಯಿಂದ ಕಳಚಿಹೋಗಿದೆ, ಆದರೆ ತಮಿಳರ ‘ಮೞೈ’ಯಲ್ಲಿ ಆ ಧ್ವನಿ ಇನ್ನೂ ಉಳಿದಿದೆ. ಏಳು ಎಂಬ ಸಂಖ್ಯೆಗೂ ಬಾಳೆಯ ಹಣ್ಣಿಗೂ ಇದೇ ಕಥೆ. ಕಳೆದುಹೋದ ಆ ೞಕಾರವನ್ನೂ ಅದರ ಜೊತೆಯ ಱಕಾರವನ್ನೂ ಕಿಟೆಲ್ ಕೋಶ ಗುರುತಿಸಿ ತೋರಿಸುವುದರಿಂದ, ತರಗತಿಯಲ್ಲಿ ತಮಿಳು ಮನೆಮಾತಿನ ಗೆಳೆಯರಿರುವ ಮಕ್ಕಳು ಬೇಕಾದರೆ ಈ ಪದಗಳನ್ನು ಅವರ ಬಾಯಿಂದ ಹೇಳಿಸಿ ಕೇಳಿ, ಸಾವಿರ ವರ್ಷದ ಹಿಂದಿನ ಕನ್ನಡ ಹೇಗೆ ಕೇಳಿಸುತ್ತಿದ್ದಿರಬಹುದೆಂದು ಊಹಿಸಿಕೊಳ್ಳಬಹುದು. ಹೀಗೆ ಒಂದೊಂದು ಪದಕ್ಕೂ ಚೀಟಿ ಬರೆದು, ಓಲೆಗರಿ ನೋಡಿ, ಪಂಡಿತರನ್ನು ಕೇಳಿ, ಮತ್ತೆ ತಿದ್ದಿ ಬರೆಯುವ ಕೆಲಸಕ್ಕೆ ಗಣಕಯಂತ್ರವಾಗಲಿ ಬೆರಳಚ್ಚಾಗಲಿ ನೆರವಿಗಿರಲಿಲ್ಲ.

ಆ ಕೆಲಸದ ಬೆಲೆಯನ್ನು ಅವರ ಮನೆಯೂ ತೆತ್ತಿತು. 1860ರಲ್ಲಿ ಕೈಹಿಡಿದ ಪೌಲೀನಾ ನಾಲ್ಕೇ ವರ್ಷದಲ್ಲಿ ತೀರಿಕೊಂಡರು. ಬಳಿಕ ಆಕೆಯ ತಂಗಿ ಜೂಲಿಯಾ ಅವರನ್ನು ಕಿಟೆಲ್ ವಿವಾಹವಾದರು. ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಮರಳಿದವರು, ಅಲ್ಲಿ ಕುಳಿತು ಕೋಶವನ್ನು ಮುಗಿಸುವುದು ಸಾಧ್ಯವಿಲ್ಲವೆಂದು ಮನಗಂಡು, ಐವತ್ತು ದಾಟಿದ ಮೇಲೆ, 1883ರಲ್ಲಿ, ಸಂಸಾರವನ್ನು ಅಲ್ಲಿಯೇ ಬಿಟ್ಟು ಮತ್ತೆ ಕನ್ನಡ ನಾಡಿಗೆ ಬಂದರು. ಈ ಎರಡನೆಯ ಪಯಣದಲ್ಲಿಯೇ ಅವರ ದೈವಶ್ರದ್ಧೆ ಹೆಚ್ಚು ಕಾಣುತ್ತದೆಂದು ಹೇಳಬಹುದು. ಇಪ್ಪತ್ತೊಂದರ ಹುರುಪು ಅದರಲ್ಲಿರಲಿಲ್ಲ, ಮುಗಿಯದೆ ಉಳಿದ ಕೆಲಸವನ್ನು ದೇವರು ತನಗೇ ಒಪ್ಪಿಸಿದ್ದಾನೆಂಬ ಭರವಸೆಯಷ್ಟೇ ಇತ್ತು. ಸುಮಾರು ಒಂಬತ್ತು ವರ್ಷ ದುಡಿದು ಅವರು ಹಿಂದಿರುಗಿದರು; 1894ರಲ್ಲಿ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು.

ಮಕ್ಕಳಿಗೆ ಈ ಕಥೆಯನ್ನು ಸಕ್ಕರೆ ಸವರಿ ಹೇಳುವ ಅಗತ್ಯವಿಲ್ಲ. ಅದೇ ಮುದ್ರಣಾಲಯದಿಂದ ಹಿಂದೂ ಆಚರಣೆಗಳನ್ನು ಕಟುವಾಗಿ ಖಂಡಿಸುವ ಕಿರುಹೊತ್ತಗೆಗಳೂ ಹೊರಟಿದ್ದವು. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಎಂದರೆ ನೀರಿನ ಸಂಸ್ಕಾರದ ಮೂಲಕ ಕ್ರೈಸ್ತರಾಗಿ, ಹರ್ಮನ್ ಕೌಂಡಿನ್ಯರಾದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅವರು ಬಾಸೆಲಿಗೆ ಹೋಗಿ ಕಲಿತು ಬಂದು ಅದೇ ನಾಡಿನಲ್ಲಿ ಬೋಧಕರಾಗಿ ದುಡಿದರು. ವಿಧೇಯತೆಯ ಮಾತು ಬಂದಾಗ ಪರದೇಶೀಯರನ್ನಷ್ಟೇ ಎಣಿಸಿ ಕೌಂಡಿನ್ಯರನ್ನು ಬಿಡುವುದು ನ್ಯಾಯವಲ್ಲ. ಸಮುದ್ರ ದಾಟಿ ಬಂದವರಿಗಿಂತ, ತನ್ನ ಬೀದಿಯಲ್ಲಿಯೇ ಪರಕೀಯನಾಗಿ ನಡೆಯಬೇಕಾದವನ ಹಾದಿ ಒಂದು ತೂಕ ಹೆಚ್ಚೇ ಕಠಿಣವಾಗಿದ್ದೀತು.

ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಬೆಂಗಳೂರಿನ ಮೇಯೋ ಹಾಲಿನ ಬಳಿ ಅವರ ಪ್ರತಿಮೆಯಿದೆ. ಧಾರವಾಡದಲ್ಲಿ ಓದಿದ ಹಿರಿಯರಿಗೆ ಕಿಟೆಲ್ ಎಂಬುದು ಮೊದಲು ಕಾಲೇಜಿನ ಹೆಸರಾಗಿ ಪರಿಚಯವಾಗಿ, ಎಷ್ಟೋ ಕಾಲದ ಮೇಲೆ ಮನುಷ್ಯನ ಹೆಸರೆಂದು ತಿಳಿದದ್ದೂ ಉಂಟು. ಹೊರನಾಡಿನ ಕನ್ನಡ ಕೂಟಗಳ ಪಾಲಕರು ಮಾಡಬಹುದಾದದ್ದು ಸಣ್ಣದು. ಊರಿಗೆ ಹೋದಾಗ ಪ್ರತಿಮೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುವುದಕ್ಕಿಂತ, ಅಜ್ಜಿ ದೂರವಾಣಿಯಲ್ಲಿ ಆಡಿದ, ಮನೆಯಲ್ಲಿ ಯಾರೂ ಬಳಸದ ಒಂದು ಪದವನ್ನು ಬರೆದಿಟ್ಟುಕೊಂಡು, ಅದು ಕಿಟೆಲ್ ಕೋಶದಲ್ಲಿದೆಯೇ ಎಂದು ಮಕ್ಕಳಿಂದಲೇ ಹುಡುಕಿಸುವುದು ಒಳ್ಳೆಯದು. ಕಿಟೆಲ್ ಕೊನೆಯವರೆಗೂ ಆ ಬಗೆಯ ಕೆಲಸದಲ್ಲಿಯೇ ಇದ್ದರು: ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು 1903ರಲ್ಲಿ, ಅವರು ಟ್ಯೂಬಿಂಗನ್ನಿನಲ್ಲಿ ಕಣ್ಣುಮುಚ್ಚಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ.