ಬೂದಿಕೋಟೆಯ ಹೈದರಾಲಿಖಾನನ ಚರಿತ್ರೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ, ಚಿನ್ನದ ಗಣಿಗಳಿದ್ದ ಸೀಮೆಗೆ ಸಮೀಪವಾಗಿ, ಮಾರ್ಕಂಡೇಯ ನದಿಯ ತೀರದಲ್ಲಿ ಬೂದಿಕೋಟೆಯೆಂಬ ಗ್ರಾಮವಿರುವುದು. ಸಂಸ್ಕೃತದಲ್ಲಿ ಇದನ್ನು ವಿಭೂತಿಪುರವೆಂದು ಕರೆಯುವರು. ಭಸ್ಮದ ಹೆಸರನ್ನು ಹೊತ್ತ ಈ ಸಣ್ಣ ಊರಿನಲ್ಲಿ ಕ್ರಿ. ಶ. 1720-22ರ ಸುಮಾರಿನಲ್ಲಿ ಹೈದರಾಲಿಖಾನನು ಜನಿಸಿದನು. ಆತನ ತಂದೆ ಫತೇ ಮಹಮ್ಮದನು ಶಿರಾ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದು, ಬೂದಿಕೋಟೆಯನ್ನು ಜಹಗೀರಾಗಿ ಪಡೆದಿದ್ದನು.

ಬಾಲಕನಿಗೆ ಇನ್ನೂ ಬುದ್ಧಿ ಬಲಿಯುವ ಮೊದಲೇ ತಂದೆಯು ಯುದ್ಧದಲ್ಲಿ ಮಡಿದನು. ತಂದೆಯ ಸಾಲದ ನೆಪದಿಂದ ಅಬ್ಬಾಸ್ ಕುಲೀಖಾನನೆಂಬ ಸರದಾರನು ದೊಡ್ಡಬಳ್ಳಾಪುರದಲ್ಲಿ ಈ ಕುಟುಂಬದ ಸೊತ್ತನ್ನೆಲ್ಲ ಸೆಳೆದುಕೊಂಡು, ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ಹಿಂಸಿಸಿದನೆಂದು ಚರಿತ್ರಕಾರರು ಬರೆದಿರುವರು. ಮಕ್ಕಳನ್ನು ನಗಾರಿಯೊಳಗೆ ಹಾಕಿ ಬಡಿಸಿದನೆಂಬ ಮಾತೂ ಉಂಟು. ಓದುಬರಹಕ್ಕೆ ಎಡೆಯೇ ಇಲ್ಲದೆ ಕಳೆದ ಬಾಲ್ಯವದು. ಮುಂದೆ ರಾಜ್ಯವಾಳುವ ಕಾಲದಲ್ಲಿಯೂ ಆತನಿಗೆ ತನ್ನ ಹೆಸರಿನ ಮೊದಲಕ್ಷರವೊಂದನ್ನು, ಅದೂ ತಲೆಕೆಳಗಾಗಿ, ಗೀಚುವುದಷ್ಟೇ ತಿಳಿದಿದ್ದಿತು. ಆದರೆ ಕನ್ನಡ, ಹಿಂದೂಸ್ಥಾನಿ, ಮರಾಠಿ, ತೆಲುಗು, ತಮಿಳು ಈ ಐದು ಭಾಷೆಗಳನ್ನು ನಿರರ್ಗಳವಾಗಿ ಮಾತನಾಡುತ್ತಿದ್ದನು. ಒಮ್ಮೆ ಕೇಳಿದ ಲೆಕ್ಕವನ್ನು ಮರೆಯುತ್ತಿರಲಿಲ್ಲ. ತಾನು ಓದಲಾರದವನಾದುದರಿಂದಲೇ ಓದಬಲ್ಲವರನ್ನು ಆರಿಸಿ ಕಲೆಹಾಕುವ ವಿದ್ಯೆ ಆತನಿಗೆ ಅತ್ಯವಶ್ಯಕವಾಯಿತು.

1749ರಲ್ಲಿ ಮೈಸೂರಿನ ಸೇನೆಯು ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಹೈದರನು ತೋರಿದ ಧೈರ್ಯವನ್ನು ಕಂಡು ಸರ್ವಾಧಿಕಾರಿ ನಂಜರಾಜಯ್ಯನು ಅವನಿಗೆ 50 ಕುದುರೆ ಮತ್ತು 200 ಕಾಲಾಳುಗಳ ಅಧಿಕಾರವನ್ನು ಕೊಟ್ಟನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿ ಖಂಡೇರಾಯನೆಂಬ ಬ್ರಾಹ್ಮಣ ಲೆಕ್ಕಿಗನು ಅವನ ಬಲಗೈಯಾದನು. ಸುಲಿಗೆಯಲ್ಲಿ ದೊರೆತುದರಲ್ಲಿ ಅರ್ಧ ತಂದವನಿಗೆ, ಅರ್ಧ ಒಡೆಯನಿಗೆಂಬ ಕಟ್ಟಳೆಯನ್ನು ಮಾಡಿ, ಒಂದು ಕಾಸೂ ಜಾರದಂತೆ ಖಂಡೇರಾಯನು ಲೆಕ್ಕವಿಟ್ಟನು. ಗಾಯಗೊಂಡ ಸಿಪಾಯಿಗಳಿಗೆ ವಾಸಿಯಾಗುವವರೆಗೆ ಹಣ ಸಲ್ಲುವ ಏರ್ಪಾಡೂ ಇದ್ದಿತು. ಒಮ್ಮೆ ನಿಜವಾಗಿ ಗಾಯಗೊಂಡವರು 67 ಮಂದಿಯಿರಲು, 700 ಮಂದಿಯ ಕೈಕಾಲುಗಳಿಗೆ ಅರಿಸಿನದಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಮಲಗಿಸಿ, ನಂಜರಾಜಯ್ಯನ ಪರೀಕ್ಷಾಧಿಕಾರಿಗೆ ತೋರಿಸಿ ಹಣ ಪಡೆದರು. ಇದು ಶುದ್ಧ ಮೋಸವೆಂಬುದರಲ್ಲಿ ಸಂಶಯವಿಲ್ಲ. ಆದರೂ 700 ಮಂದಿಯಲ್ಲಿ ಒಬ್ಬನೂ ಗುಟ್ಟನ್ನು ಒಡೆಯಲಿಲ್ಲವೆಂಬುದನ್ನು ಗಮನಿಸಬೇಕು.

1758ರಲ್ಲಿ ಶ್ರೀರಂಗಪಟ್ಟಣದ ಸೈನಿಕರು ಬಾಕಿ ಸಂಬಳಕ್ಕಾಗಿ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಅಧಿಕಾರಿಗಳೆಲ್ಲ ದಿಕ್ಕುತೋರದಿರಲು ಹೈದರನು ಬಂದು, ಖಂಡೇರಾಯನಿಂದ ಲೆಕ್ಕಗಳನ್ನು ಶೋಧಿಸಿ, ನಗದೂ ಸಾಮಾನೂ ಕೊಟ್ಟು ಬಾಕಿಯನ್ನು ತೀರಿಸಿದನು. ಮರುವರ್ಷ ಮರಾಠರು ದಂಡೆತ್ತಿ ಬಂದಾಗ ಆ ಸೇನೆಯೇ ಅವನ ಹಿಂದೆ ನಡೆಯಿತು.

ಆದರೆ ಎಲ್ಲ ಲೆಕ್ಕವೂ, ಎಲ್ಲ ಗುಟ್ಟೂ ಒಬ್ಬನ ಕೈಯಲ್ಲಿರುವುದರ ಅಪಾಯವು 1760ರ ಆಗಸ್ಟಿನಲ್ಲಿ ಗೋಚರಿಸಿತು. ಖಂಡೇರಾಯನು ಅರಮನೆಯವರೊಡನೆ ಸೇರಿ, ಮರಾಠರ ದಂಡನ್ನು ಕರೆಸಿ, ಹೈದರನ ಬಿಡಾರದ ಮೇಲೆ ಫಿರಂಗಿಗಳನ್ನು ತಿರುಗಿಸಿದನು. ಹೈದರನು ಹೆಂಡತಿಮಕ್ಕಳನ್ನೂ ಧನವನ್ನೂ ಬಿಟ್ಟು, ಕೆಲವೇ ಸವಾರರೊಡನೆ ಇರುಳಿನಲ್ಲಿ ಕಾವೇರಿಯನ್ನು ದಾಟಿ ಆನೇಕಲ್ಲಿನ ಕಡೆಗೆ ಓಡಿಹೋದನು. ಅಲ್ಲಿ ಅವನ ಭಾವಮೈದುನ ಇಸ್ಮಾಯಿಲಾಲಿಯು ಬಾಗಿಲು ತೆರೆದನು. ಬೆಂಗಳೂರಿನಲ್ಲಿ ಕಬೀರ್ ಬೇಗನು ಕೋಟೆಯನ್ನು ಒಪ್ಪಿಸಿದನು. ಸಾಹುಕಾರರು ಅವನ ಬಾಯಿಮಾತನ್ನು ನಂಬಿ ಸಾಲ ಕೊಟ್ಟರು. ಎಲ್ಲವನ್ನೂ ಕಳೆದುಕೊಂಡವನಿಗೆ ಉಳಿದಿದ್ದ ಬಂಡವಾಳವು ಈ ವಿಶ್ವಾಸವೊಂದೇ.

ಮುಂದಿನ ಕಾಳಗದಲ್ಲಿಯೂ ಸೋತು ಹೈದರನು ತಾನೇ ಪದಚ್ಯುತನಾಗುವಂತೆ ಮಾಡಿದ್ದ ನಂಜರಾಜಯ್ಯನ ಮನೆಗೆ ಹೋಗಿ ಕಾಲಿಗೆ ಬಿದ್ದನು. ಬಳಿಕ ನಂಜರಾಜಯ್ಯನ ಮುದ್ರೆಯ ಪತ್ರಗಳನ್ನು ಖಂಡೇರಾಯನ ಸರದಾರರ ಹೆಸರಿಗೆ ಬರೆಯಿಸಿ, ಅವರು ಖಂಡೇರಾಯನನ್ನು ಹಿಡಿದೊಪ್ಪಿಸಲು ಸಮ್ಮತಿಸಿರುವಂತೆ ತೋರಿಸಿ, ಆ ಪತ್ರಗಳು ಖಂಡೇರಾಯನ ಕೈಗೇ ಬೀಳುವಂತೆ ಮಾಡಿದನು. ಖಂಡೇರಾಯನು ತನ್ನವರನ್ನು ಒಂದು ಮಾತು ಕೇಳದೆ, ಕುದುರೆಯೇರಿ ಶ್ರೀರಂಗಪಟ್ಟಣಕ್ಕೆ ಓಡಿದನು. ನಾಯಕನಿಲ್ಲದ ಆ ದೊಡ್ಡ ದಂಡು ಸಂಶಯವೆಂಬ ಒಂದೇ ಏಟಿಗೆ ಚದುರಿತು. 1761ರಲ್ಲಿ ಹೈದರನು ಮೈಸೂರಿನ ಸರ್ವಾಧಿಕಾರಿಯಾದನು. ಖಂಡೇರಾಯನನ್ನು ಗಿಳಿಯಂತೆ ಸಾಕುವೆನೆಂದು ಮಾತುಕೊಟ್ಟು, ಆ ಮಾತಿನಂತೆಯೇ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನು. ಈ ಕ್ರೌರ್ಯವನ್ನು ಮೆಚ್ಚುವವರಾರೂ ಇರಲಾರರು.

1763ರಲ್ಲಿ ಬಿದನೂರು ಆತನ ವಶವಾದುದು ವೀರಶೈವ ಸಮಾಜದವರು ಇಂದಿಗೂ ವ್ಯಸನದಿಂದ ನೆನೆಯತಕ್ಕ ಸಂಗತಿ. ಕೆಳದಿಯ ಸಂಸ್ಥಾನವು ಕಾಡುಬೆಟ್ಟಗಳಿಂದ ರಕ್ಷಿತವಾಗಿದ್ದರೂ ಅರಮನೆಯೊಳಗೆ ಒಡಕು ಬಿದ್ದಿದ್ದಿತು. ಅಲ್ಲಿಯ ಹಿಂದಿನ ಮಂತ್ರಿ ಲಿಂಗಣ್ಣನೇ ಶತ್ರುವಿಗೆ ಗುಪ್ತಮಾರ್ಗವನ್ನು ತೋರಿದನು. ರಾಣಿ ವೀರಮ್ಮಾಜಿಯೂ ಆಕೆಯ ದತ್ತಪುತ್ರ ಸೋಮಶೇಖರನೂ ಮಧುಗಿರಿಯ ಸೆರೆಗೆ ಹೋದರು. 1767ರಲ್ಲಿ ಪೇಶ್ವೆ ಮಾಧವರಾಯನು ಅವರನ್ನು ಬಿಡಿಸಿದನಾದರೂ, ಪುಣೆಯ ದಾರಿಯಲ್ಲಿ ರಾಣಿಯು ತೀರಿಕೊಂಡಳು.

ಆಮೇಲಿನ ಇಪ್ಪತ್ತು ವರ್ಷಗಳ ಯುದ್ಧಗಳನ್ನು ಇಲ್ಲಿ ವಿವರಿಸುವ ಅವಶ್ಯಕತೆಯಿಲ್ಲ. 1769ರಲ್ಲಿ ದೊಡ್ಡ ಸೇನೆಯನ್ನು ಹಿಂದಕ್ಕೆ ಕಳುಹಿಸಿ, 6000 ಕುದುರೆಗಳೊಡನೆ ಮದರಾಸಿನ ಬಾಗಿಲಿಗೆ ಹೋಗಿ ನಿಂತು ಇಂಗ್ಲಿಷರಿಂದ ಕೌಲು ಪಡೆದುದೂ, 1771ರಲ್ಲಿ ಚಿನಕುರುಳಿಯಲ್ಲಿ ಮರಾಠರಿಂದ ಭಂಗಪಟ್ಟುದೂ, 1780ರಲ್ಲಿ ಪೊಳ್ಳಿಲೂರಿನಲ್ಲಿ ಬೇಲಿಯ ದಂಡನ್ನು ಸೆರೆಹಿಡಿದುದೂ ಸುಪ್ರಸಿದ್ಧವಾಗಿವೆ. ವಾಚಕರು ಗಮನಿಸತಕ್ಕುದು ಆತನ ಕಚೇರಿಯ ರೀತಿಯನ್ನು. ಖಂಡೇರಾಯನ ತರುವಾಯ ಅಷ್ಟು ಅಧಿಕಾರವು ಮತ್ತಾರೊಬ್ಬನಲ್ಲಿಯೂ ಸೇರಲಿಲ್ಲ. ಖಜಾನೆಯ ಲೆಕ್ಕವನ್ನು ಪೂರ್ಣಯ್ಯನು ಕನ್ನಡದಲ್ಲಿಯೂ ಕೃಷ್ಣರಾಯನು ಮರಾಠಿಯಲ್ಲಿಯೂ ಬರೆಯುತ್ತಿದ್ದರು. ಒಬ್ಬರ ಲೆಕ್ಕಕ್ಕೆ ಮತ್ತೊಬ್ಬರ ಲೆಕ್ಕವೇ ಸಾಕ್ಷಿ. ಕುಲಮತಗಳನ್ನು ವಿಚಾರಿಸದೆ ಸಮರ್ಥನಾದವನಿಗೆ ಕೆಲಸ ದೊರೆಯುತ್ತಿದ್ದಿತು. ಫಿರಂಗಿಗಳ ಬಳಿ ಫ್ರೆಂಚರಿದ್ದರು. ಭಯವೂ ಬೇಕಾದಷ್ಟಿದ್ದಿತು, ಕಂದಾಯದ ಮಂತ್ರಿಗಳೂ ಚಿತ್ರಹಿಂಸೆಗೆ ಗುರಿಯಾದರು. ಇಂತಹ ಸ್ಥಳದಲ್ಲಿ ಭಯವೊಂದೇ ಜನರನ್ನು ಒಟ್ಟಿಗೆ ಹಿಡಿದಿದ್ದಿತೋ, ಅಥವಾ ಬೇರೇನಾದರೂ ಇದ್ದಿತೋ ಎಂಬ ಪ್ರಶ್ನೆಗೆ ಉತ್ತರವು ಆತನ ಮರಣದಲ್ಲಿಯೇ ದೊರೆಯಿತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ದಂಡಿನಲ್ಲಿ ಹೈದರನು ಬೆನ್ನಿನ ಹುಣ್ಣಿನಿಂದ ಮೃತನಾದನು. ಹಿರಿಯ ಮಗ ಟಿಪ್ಪುವು ದೂರದ ಮಲೆಯಾಳದಲ್ಲಿ ಪೊನ್ನಾನಿಯ ಬಳಿ ಇಂಗ್ಲಿಷರೊಡನೆ ಹೋರಾಡುತ್ತಿದ್ದನು. ದಂಡಿನಲ್ಲಿ 80 ಸಾವಿರಕ್ಕೂ ಮೇಲ್ಪಟ್ಟ ಜನ, ಕೂಗಳತೆಯಲ್ಲೆಂಬಂತೆ ಶತ್ರು. ಸುದ್ದಿ ಹೊರಬಿದ್ದರೆ ಒಂದೇ ರಾತ್ರಿಯಲ್ಲಿ ಸೇನೆಯು ಕರಗಿಹೋಗುವ ಸಂಭವ. ಈಗ ಯಾರಿಗೂ ಒಡೆಯನ ಭಯವಿರಲಿಲ್ಲ, ಒಡೆಯನೇ ಇರಲಿಲ್ಲ.

ಪೂರ್ಣಯ್ಯ ಕೃಷ್ಣರಾಯರು ಕೆಲವೇ ಸರದಾರರೊಡನೆ ಆಲೋಚಿಸಿ ಕೆಲಸವನ್ನು ಹಂಚಿಕೊಂಡರು. ವೈದ್ಯನು ಎಂದಿನಂತೆ ಡೇರೆಗೆ ಬಂದುಹೋಗುತ್ತಿದ್ದನು; ಸೇವಕರು ಎಂದಿನಂತೆ ಬಾಗಿಲಲ್ಲಿ ನಿಂತರು; ಪತ್ರಗಳಿಗೆ ಉತ್ತರಗಳು ನವಾಬನ ಹೆಸರಿನಲ್ಲಿಯೇ ಹೋದವು; ತೆರೆಯಿಳಿಬಿಟ್ಟ ಬರಿದಾದ ಪಲ್ಲಕ್ಕಿಯು ಸಕಲ ಮರ್ಯಾದೆಗಳೊಡನೆ ಸೇನೆಯ ನಡುವೆ ಚಲಿಸಿತು. ಟಿಪ್ಪುವಿಗೆ ವೇಗದ ದೂತರು ಹೋದರು. ದಂಡೂ ಮೆಲ್ಲಮೆಲ್ಲನೆ ಅವನು ಬರುವ ದಿಕ್ಕಿಗೇ ಸರಿಯಿತು. ಮೃತದೇಹವನ್ನು ಸುಗಂಧದ್ರವ್ಯಗಳನ್ನು ತುಂಬಿದ ಪೆಟ್ಟಿಗೆಯಲ್ಲಿರಿಸಿ, ಬೆಲೆಯುಳ್ಳ ಖಜಾನೆಯನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಬೂದಿಕೋಟೆಯ ಆ ಮಗನು ಹುಟ್ಟಿದೂರಿನ ಸಮೀಪದಲ್ಲಿ, ತಂದೆಯ ಸಮಾಧಿಯ ಬಳಿ ಕೆಲಕಾಲ ಮಲಗಿದನು. ಅನಂತರ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು.

ಈ ನಡುವೆ ಹೈದರನ ಬಂಧುವಾದ ಮಹಮ್ಮದ್ ಅಮೀನನೆಂಬ ಸರದಾರನು ಮೃದುಮತಿಯಾದ ಕಿರಿಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಸಂಚುಹೂಡಿದನು. ಸುಳಿವು ದೊರೆತೊಡನೆ ಅವನನ್ನೂ ಜೊತೆಗಾರರನ್ನೂ ಗದ್ದಲವಿಲ್ಲದೆ ಹಿಡಿದು, ನವಾಬನ ಆಜ್ಞೆಯೆಂದೇ ಸಾರಿ, ಸಂಕೋಲೆಯೊಡನೆ ಕಳುಹಿಸಿಬಿಟ್ಟರು. ಸತ್ತವನ ಆಜ್ಞೆಗೆ ದಂಡು ತಲೆಬಾಗಿತು. ಮದರಾಸಿನವರಿಗೆ ಮರಣದ ಸುದ್ದಿ ಮುಟ್ಟಿದ್ದರೂ, ಗವರ್ನರ್ ಮೆಕಾರ್ಟ್ನಿಯು ಒತ್ತಾಯಪಡಿಸಿದರೂ, ಜನರಲ್ ಸ್ಟೂವರ್ಟನು ತನ್ನ ಸೇನೆ ಸಿದ್ಧವಾಗಿಲ್ಲವೆಂದು ಕದಲಲಿಲ್ಲ. ಅಕ್ಷರವರಿಯದವನ ಕಚೇರಿಯು ಒಡೆಯನಿಲ್ಲದೆಯೂ ನಡೆಯಿತು. ಓದಿದವರ ಕಚೇರಿಯಲ್ಲಿ ಗವರ್ನರನಿಗೂ ಸೇನಾಪತಿಗೂ ಒಮ್ಮತವಿರಲಿಲ್ಲ.

1783ರ ಜನವರಿಯ ಆರಂಭದಲ್ಲಿ ಟಿಪ್ಪುವು ದಂಡನ್ನು ಬಂದು ಸೇರಿದಾಗ ಸೇನೆಯೂ ಖಜಾನೆಯೂ ಇಡಿಯಾಗಿ ಅವನ ಕೈಗೆ ಬಂದವು. ಆ ಕೆಲಸವನ್ನು ಸಾಧಿಸಿದ ಇಬ್ಬರಲ್ಲಿ ಕೃಷ್ಣರಾಯನು ಅದೇ ವರ್ಷ ಪಿತೂರಿಯ ಆಪಾದನೆಯಿಂದ ಟಿಪ್ಪುವಿನ ಅಪ್ಪಣೆಯಂತೆ ಹತನಾದನು. ಪೂರ್ಣಯ್ಯನು ಟಿಪ್ಪುವಿನ ಕಾಲವನ್ನೂ ಕಳೆದು, 1799ರಿಂದ 1811ರವರೆಗೆ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾಗಿ ಮೈಸೂರಿನ ಆಡಳಿತವನ್ನು ನಡೆಸಿ, 1812ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾಲವಾದನು.