ಕೆ.ಕೆ. ಹೆಬ್ಬಾರ್: ಮೊದಲ ‘ಕೆ’ ಅಂದ್ರೆ ನಮ್ಮ ಕಟ್ಟಿಂಗೇರಿ!

ಉಡುಪಿ: ದೊಡ್ಡ ಚಿತ್ರಕಲಾ ಪ್ರದರ್ಶನಗಳಿಗೆ ಹೋದರೆ ಒಂದು ಪುಸ್ತಕ ಸಿಗುತ್ತದೆ. ಕ್ಯಾಟಲಾಗ್ ಅಂತಾರೆ. ಕಲಾವಿದನ ಹೆಸರು, ಹುಟ್ಟಿದ ಊರು, ಪ್ರಶಸ್ತಿಗಳು. ಆಮೇಲೆ ಒಂದೊಂದು ಚಿತ್ರದ ಹೆಸರು, ಬರೆದ ವರ್ಷ, ಅಳತೆ, ಎಣ್ಣೆಬಣ್ಣವೋ ಜಲವರ್ಣವೋ ಅನ್ನುವ ವಿವರ. ನಮ್ಮ ಅಂಗಡಿಯ ಸ್ಟಾಕ್ ಪುಸ್ತಕ ಇದ್ದ ಹಾಗೆಯೇ.

ಭಾರತದ ಆಧುನಿಕ ಚಿತ್ರಕಲೆಯ ಕ್ಯಾಟಲಾಗ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಕೆ.ಕೆ. ಹೆಬ್ಬಾರ್. ಆ ಎರಡು ‘ಕೆ’ಗಳಲ್ಲಿ ಎರಡನೆಯದು ಕೃಷ್ಣ. ಮೊದಲನೆಯದು ಉಡುಪಿ ಸಮೀಪದ ಕಟ್ಟಿಂಗೇರಿ. ಅವರ ಹೆಸರು ಹೋದಲ್ಲೆಲ್ಲ ನಮ್ಮ ಒಂದು ಹಳ್ಳಿಯ ಅಕ್ಷರವೂ ಹೋಗಿದೆ. ಆದರೆ ಇಲ್ಲಿಯ ಎಷ್ಟು ಜನರಿಗೆ ಇದು ಗೊತ್ತು?

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ. ಆಗ ನಮ್ಮ ಊರುಗಳೆಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಚಿತ್ರ ಕಲಿಯಬೇಕೆಂದರೆ ಊರು ಬಿಡಲೇಬೇಕು. ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಹೋದರು. ಅಲ್ಲಿಂದ ಮುಂಬೈ. ಕರಾವಳಿಯ ಎಷ್ಟೋ ಹುಡುಗರು ಹೋಟೆಲ್ ಕೆಲಸ ಹುಡುಕಿಕೊಂಡು ಹೋದ ಊರಿಗೆ ಇವರು ಬಣ್ಣ ಹುಡುಕಿಕೊಂಡು ಹೋದರು. 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಸಿಕ್ಕಿತು. 1940ರಿಂದ 45ರವರೆಗೆ ಅದೇ ಶಾಲೆಯಲ್ಲಿ ಮೇಷ್ಟ್ರಾದರು.

ಇಷ್ಟಾದರೆ ಯಾರಿಗಾದರೂ ಸಾಕು ಅನ್ನಿಸುತ್ತದೆ ಅಲ್ವಾ? ಹೆಬ್ಬಾರರಿಗೆ ಸಾಕಾಗಲಿಲ್ಲ. ಶಾಲೆಯಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷರ ಪದ್ಧತಿ. ಎದುರಿಗೆ ಇದ್ದದ್ದನ್ನು ನೆರಳು ಬೆಳಕಿನ ಸಮೇತ ಹಾಗೆಯೇ ಇಳಿಸುವುದು. ಅದು ಕೈಗೆ ಬಂದಿತ್ತು, ಆದರೆ ತನ್ನದು ಅನ್ನಿಸಲಿಲ್ಲ. ಅಜಂತಾದ ಗೋಡೆ ಚಿತ್ರಗಳು, ಜೈನ ಹಸ್ತಪ್ರತಿಗಳ ಸಣ್ಣ ಚಿತ್ರಗಳ ಕಡೆ ಮನಸ್ಸು ಹೋಯಿತು. ಅಮೃತಾ ಶೇರ್‌ಗಿಲ್ ಅವರ ಚಿತ್ರಗಳ ಪ್ರಭಾವವೂ ಆಯಿತು. ಕೇರಳ ಸುತ್ತಿ ಬಂದು ಅಲ್ಲಿಯ ಜನಜೀವನವನ್ನು ಗಟ್ಟಿ ಬಣ್ಣಗಳಲ್ಲಿ ಬರೆದರು.

1947ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ, ಹತ್ತಿರ ಹತ್ತಿರ ನಲವತ್ತರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೆ ಸೇರಿ ಮತ್ತೆ ವಿದ್ಯಾರ್ಥಿಯಾದರು! ಪಾಠ ಹೇಳಿದವನು ಪುನಃ ಬೆಂಚಿನ ಮೇಲೆ ಕೂರುವುದು ಸಣ್ಣ ಮಾತಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಗೆರೆಗೆ ಲಯ ಬೇಕು ಎಂದು ಪಂಡಿತ್ ಸುಂದರ್ ಪ್ರಸಾದ್ ಅವರ ಬಳಿ ಕಥಕ್ ನೃತ್ಯ ಕಲಿತರು. ವೇದಿಕೆ ಹತ್ತುವುದಕ್ಕಲ್ಲ, ಕುಣಿಯುವ ದೇಹ ಎಲ್ಲಿ ಬಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುವುದಕ್ಕೆ. ಅದರ ಫಲ ಅವರ ರೇಖಾಚಿತ್ರಗಳಲ್ಲಿ ಕಾಣುತ್ತದೆ. ನಾಲ್ಕಾರು ಗೆರೆ ಎಳೆದರೆ ನರ್ತಕಿ ಎದ್ದು ನಿಲ್ಲುತ್ತಾಳೆ. ಇಂಥ ರೇಖೆಗಳ ಪುಸ್ತಕ ‘ದ ಸಿಂಗಿಂಗ್ ಲೈನ್’, ಅಂದರೆ ಹಾಡುವ ರೇಖೆ.

ಯುದ್ಧ, ಬಾಂಗ್ಲಾದೇಶದ ಹುಟ್ಟು, ಚಂದ್ರನ ಮೇಲೆ ಮನುಷ್ಯ ಇಳಿದದ್ದು, ಎಲ್ಲವೂ ಅವರ ಕ್ಯಾನ್ವಾಸಿಗೆ ಬಂದವು. ವೆನಿಸ್‌ನಂತಹ ಅಂತಾರಾಷ್ಟ್ರೀಯ ಪ್ರದರ್ಶನಗಳಿಗೂ ಚಿತ್ರಗಳು ಹೋದವು. ಆದರೆ ಊರು ಬಿಟ್ಟುಹೋಗಲಿಲ್ಲ. ಕೋಳಿ ಅಂಕ, ಯಕ್ಷಗಾನ ಅವರ ಚಿತ್ರಗಳಲ್ಲಿ ಉಳಿದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರ ಮಾರ್ಚ್ 26ರಂದು ಮುಂಬೈಯಲ್ಲಿ ತೀರಿಕೊಂಡರು.

ಹೆಬ್ಬಾರರ ಚಿತ್ರಗಳನ್ನು ನೋಡಲು ಮುಂಬೈಗೇ ಹೋಗಬೇಕೆಂದಿಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲೂ ಚಿತ್ರಗಳಿವೆ.

ಇನ್ನೊಂದು ಮಾತು. ಪ್ರದರ್ಶನದಲ್ಲಿ ಮಾರಾಟವಾದ ಚಿತ್ರ ಯಾರದೋ ಮನೆ ಸೇರುತ್ತದೆ, ಕೈಯಿಂದ ಕೈಗೆ ಹೋಗುತ್ತದೆ. ಹೆಸರಾಂತರ ಚಿತ್ರಕ್ಕೆ ನಕಲಿಯೂ ಹುಟ್ಟಿಕೊಳ್ಳುತ್ತದೆ. ಆಗ ಅಸಲಿ ಯಾವುದು, ಯಾವ ವರ್ಷದ್ದು, ಎಷ್ಟು ಅಳತೆಯದ್ದು ಎಂದು ಪರೀಕ್ಷಿಸುವಾಗ ಹಳೆ ಕ್ಯಾಟಲಾಗ್ ಒಂದು ಮುಖ್ಯ ಆಧಾರ. ಚಿತ್ರವೇ ಕಳೆದುಹೋದರೂ, ಇಂಥದ್ದೊಂದು ಇತ್ತು ಅನ್ನುವ ಸಾಕ್ಷಿ ಅದರಲ್ಲಿ ಉಳಿಯುತ್ತದೆ.

ಮುಂಬೈಯಲ್ಲಿ ದುಡಿದು ಬಂದ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ಅವರ ಟ್ರಂಕಿನಲ್ಲೋ ಅಟ್ಟದಲ್ಲೋ ಇಂಥ ಹಳೆ ಪುಸ್ತಕ ಸಿಕ್ಕಿದರೆ ಗುಜರಿಗೆ ಹಾಕುವ ಮುಂಚೆ, ಅಂಗಡಿಯವರು ಪೊಟ್ಟಣ ಕಟ್ಟುವ ಮುಂಚೆ, ಒಮ್ಮೆ ಬಿಡಿಸಿ ನೋಡಿ. ನಮ್ಮ ಕಟ್ಟಿಂಗೇರಿಯ ‘ಕೆ’ ಅದರೊಳಗೆ ಇದ್ದರೂ ಇರಬಹುದು.