ಕವಿವರ ಬನಾರಸೀದಾಸರ ಆತ್ಮಾಲೋಚನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಶ್ರಾವಕರಿಗೆ ಕುಂದಾದ್ರಿಯು ದೂರದ ಕ್ಷೇತ್ರವಲ್ಲ. ಆಗುಂಬೆಯ ಸಮೀಪದ ಆ ಗಿರಿಯಲ್ಲಿ ಕುಂದಕುಂದಾಚಾರ್ಯರು ತಪಗೈದರೆಂಬುದು ಪರಂಪರೆಯ ನಂಬುಗೆ. ಅವರ ಸಮಯಸಾರವು ಉತ್ತರದೇಶದ ವರ್ತಕನೊಬ್ಬನ ಬಾಳನ್ನು ಕದಡಿತು. ಕದಡಿದ್ದನ್ನು ತಿಳಿಗೊಳಿಸಿದ್ದು ಕನ್ನಡನಾಡಿನಲ್ಲಿಯೇ ರಚಿತವಾದ ಇನ್ನೊಂದು ಗ್ರಂಥ. ಆ ವರ್ತಕನೇ ಕವಿವರ ಬನಾರಸೀದಾಸ.

1586ರಲ್ಲಿ ಜೌನಪುರದ ಶ್ರೀಮಾಲ ವಂಶದ ಶ್ವೇತಾಂಬರ ಮನೆತನದಲ್ಲಿ ಅವರು ಜನಿಸಿದರು. ತಂದೆ ಖಡ್ಗಸೇನ. ಕಾಶಿಯ ಪಾರ್ಶ್ವನಾಥಸ್ವಾಮಿಯ ಸನ್ನಿಧಿಯಲ್ಲಿ ಮಗುವಿಗೆ ಬನಾರಸಿಯೆಂಬ ಹೆಸರಾಯಿತು. ಹದಿನಾಲ್ಕರ ಹರೆಯದಲ್ಲಿ ವ್ಯಾಪಾರವನ್ನು ಮರೆತು, ಶೃಂಗಾರಪ್ರಧಾನವಾದ ಸಾವಿರ ಪದ್ಯಗಳ ನವರಸ ಕಾವ್ಯವನ್ನು ರಚಿಸಿದರು. 1605ರಲ್ಲಿ ಒಂದು ದಿನ ಗೋಮತೀ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ಅದನ್ನು ಓದಿ ಹೇಳುತ್ತಿದ್ದಾಗ, ಒಂದು ಸುಳ್ಳಿಗೇ ದುರ್ಗತಿಯಿರುವಲ್ಲಿ ಇಷ್ಟೊಂದು ಸುಳ್ಳನ್ನು ಹೆಣೆದವನ ಗತಿಯೇನೆಂಬ ಭೀತಿ ಹುಟ್ಟಿತು. ಹೊತ್ತಗೆಯನ್ನು ನದಿಗೆ ಎಸೆದುಬಿಟ್ಟರು. ಗೆಳೆಯರು ಹಾಹಾಕಾರ ಮಾಡಿದರು, ತಂದೆಗೆ ಸಂತೋಷವಾಯಿತು. ಅಂದಿನಿಂದ ನಿತ್ಯ ಜಿನದರ್ಶನ, ಸಾಮಾಯಿಕ, ಪ್ರತಿಕ್ರಮಣ, ಹದಿನಾಲ್ಕು ನಿಯಮಗಳು ಮೊದಲಾದುವು.

ಆಗ್ರಾದಲ್ಲಿ ವ್ಯಾಪಾರ ಕೈಗೂಡಲಿಲ್ಲ. ತಿಂಗಳುಗಟ್ಟಲೆ ಕಚೋರಿ ಮಾರುವವನೊಬ್ಬನಲ್ಲಿ ಸಾಲಕ್ಕೆ ಉಂಡುದನ್ನೂ ಅವರು ಮುಚ್ಚಿಡಲಿಲ್ಲ. ಆ ಬಡ ವ್ಯಾಪಾರಿಯ ಔದಾರ್ಯವನ್ನು ಮುಂದೆ ಗ್ರಂಥಸ್ಥಗೊಳಿಸಿದುದೇ ಅವನಿಗೆ ಸಂದ ದೊಡ್ಡ ಬಡ್ಡಿ.

1623ರಲ್ಲಿ ರಾಜಮಲ್ಲರ ಭಾಷಾಟೀಕೆಯೊಡನೆ ಸಮಯಸಾರವು ಅವರ ಕೈಸೇರಿತು. ಶುದ್ಧನಿಶ್ಚಯದ ಮಾತು ಹೃದಯವನ್ನು ಹೊಕ್ಕಿತು. ಆದರೆ ವ್ಯವಹಾರದ ಮೆಟ್ಟಿಲುಗಳು ಕಣ್ಣಿಗೆ ಬೀಳಲಿಲ್ಲ. ಆತ್ಮನು ನಿತ್ಯಶುದ್ಧನಾದ ಮೇಲೆ ವ್ರತವೇಕೆ, ಪ್ರತಿಕ್ರಮಣವೇಕೆ ಎಂದು ಎಲ್ಲವನ್ನೂ ಬಿಟ್ಟರು. ಕೆಲವರು ಸಂಗಡಿಗರೊಡನೆ ಕೋಣೆಯೊಳಗೆ ಬತ್ತಲೆಯಾಗಿ ಕುಣಿದು ತಾವು ಮುನಿಗಳೆಂದು ಅಣಕವಾಡಿದರು. ಮಹಾವ್ರತಿಗಳ ದಿಗಂಬರತ್ವವನ್ನು ಹಾಸ್ಯವಾಗಿಸಿದ ಈ ಅಪರಾಧ ಸಣ್ಣದಲ್ಲ. ಇದು ನಮಗೆ ತಿಳಿದಿರುವುದು ವಿರೋಧಿಗಳ ನಿಂದೆಯಿಂದಲ್ಲ, ಅವರ ಸ್ವಂತ ಲೇಖನಿಯಿಂದ.

1635ರ ಸುಮಾರಿಗೆ ಪಂಡಿತ ರೂಪಚಂದ್ರರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ವ್ಯಾಖ್ಯಾನಿಸಿದರು. ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ನಾಡಿನಲ್ಲಿ ರಚಿಸಿದ ಗ್ರಂಥವದು. ಹದಿನಾಲ್ಕು ಗುಣಸ್ಥಾನಗಳ ವಿವರಣೆಯನ್ನು ಕೇಳಿದಾಗ, ಜೀವನು ನಿಂತ ನೆಲೆಗೆ ತಕ್ಕ ಕ್ರಿಯೆಯುಂಟೆಂದೂ, ಏರದ ಮೆಟ್ಟಿಲನ್ನು ಒದೆಯಲಾಗದೆಂದೂ ಮನದಟ್ಟಾಯಿತು. ಮರುವರ್ಷವೇ ನಾಟಕ ಸಮಯಸಾರ ಪೂರ್ಣಗೊಂಡಿತು.

ಜ್ಞಾನ ದೊರೆತರೂ ಮೋಹ ಬಿಡಲಿಲ್ಲ. ಮೂರು ವಿವಾಹಗಳಿಂದ ಹುಟ್ಟಿದ ಏಳು ಗಂಡು, ಎರಡು ಹೆಣ್ಣು ಮಕ್ಕಳೆಲ್ಲರೂ ತೀರಿಕೊಂಡರು. ಉಳಿದಿದ್ದ ಒಬ್ಬನೇ ಮಗ 1639ರಲ್ಲಿ ಒಂಬತ್ತರ ವಯಸ್ಸಿನಲ್ಲಿ ಕಣ್ಮುಚ್ಚಿದನು. ಎಲೆಯುದುರಿದ ಎರಡು ಮರಗಳಂತೆ ದಂಪತಿಗಳಿಬ್ಬರೇ ಉಳಿದರು. ಆತ್ಮದ ಅಮರತ್ವವನ್ನು ಪದ್ಯಪದ್ಯವಾಗಿ ಬಲ್ಲವರಿಗೂ ಆ ದುಃಖ ಸುಲಭವಾಗಿ ಇಳಿಯಲಿಲ್ಲ.

1641ರಲ್ಲಿ, ಐವತ್ತೈದರ ಪ್ರಾಯದಲ್ಲಿ, ಅವರು ತಮ್ಮ ಬಾಳನ್ನೇ ಬರೆಯತೊಡಗಿದರು. ಮಾನವಾಯುಷ್ಯ ನೂರಹತ್ತು ವರ್ಷವೆಂದು ಎಣಿಸಿ ಅದಕ್ಕೆ ಅರ್ಧಕಥಾನಕವೆಂದು ಹೆಸರಿಟ್ಟರು. 675 ಪದ್ಯಗಳ ಈ ಕೃತಿಯಲ್ಲಿ ನಷ್ಟ, ರೋಗ, ಮೋಸಹೋದದ್ದು, ಮಕ್ಕಳ ಮರಣ ಎಲ್ಲವೂ ದೂರಿಲ್ಲದೆ, ಅಲಂಕಾರವಿಲ್ಲದೆ ನಿರೂಪಿತವಾಗಿವೆ. ಗುರುವಿನ ಮುಂದೆ ದೋಷಗಳನ್ನು ಮರೆಮಾಚದೆ ನಿವೇದಿಸುವುದು ಆಲೋಚನೆ. ಅದನ್ನೇ ಅವರು ಕಾಗದದ ಮುಂದೆ ಮಾಡಿದರೆನ್ನಬಹುದು. ಯೌವನದಲ್ಲಿ ಬರೆದುದನ್ನು ನೀರಿಗೆ ಬಿಟ್ಟು ಹಗುರವಾದವರು, ಮುಪ್ಪಿನ ಹೊಸ್ತಿಲಲ್ಲಿ ಬರೆದೇ ಹಗುರವಾಗಲು ಹೊರಟರು.

ಗ್ರಂಥದ ಕೊನೆಯಲ್ಲಿ ತಮ್ಮ ಗುಣಗಳನ್ನು ಹೇಳಿ, ಅದರ ಬೆನ್ನಿಗೇ ದೋಷಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ: ಕ್ರೋಧ ನೀರಿನ ಮೇಲಿನ ಗೆರೆಯಷ್ಟೇ, ಆದರೆ ಧನದ ಮೋಹ ಹೆಚ್ಚು; ಜಪ, ತಪ, ಸಂಯಮಗಳಲ್ಲಿ ಹಿಂದೆ; ಅಲ್ಪ ಲಾಭಕ್ಕೆ ಬಹಳ ಹಿಗ್ಗು, ಅಲ್ಪ ಹಾನಿಗೆ ಬಹಳ ಚಿಂತೆ. ಏಕಾಂತದಲ್ಲಿ ಕುಣಿಯುವ ಚಾಪಲ್ಯವನ್ನೂ ಬಿಟ್ಟಿಲ್ಲ. ನಾಟಕ ಸಮಯಸಾರದಂತಹ ಕೃತಿಯನ್ನು ರಚಿಸಿದ ವಿದ್ವಾಂಸನಿಗೆ ಇವನ್ನು ಬರೆಯುವಾಗ ಕೈ ನಡುಗದಿರಲಿಲ್ಲವೇನೋ, ಆದರೂ ಬರೆದರು.

ಉಳಿದರ್ಧದ ಕಥೆಗೆ ಕಾಲ ಒದಗಲಿಲ್ಲ. ಅವರು ಮತ್ತೆ ಬಹುಕಾಲ ಬದುಕಲಿಲ್ಲ. ಹಸ್ತಪ್ರತಿಗಳಲ್ಲಿ ಅಡಗಿದ್ದ ಅರ್ಧಕಥಾನಕವನ್ನು 1943ರಲ್ಲಿ ಪಂಡಿತ ನಾಥೂರಾಮ ಪ್ರೇಮಿಯವರು ಮುಂಬಯಿಯಿಂದ ಅಚ್ಚುಮಾಡಿಸಿದರು.